ಸೀಲಿಯಾಕ್ ವರದಿ: ಒಂದೇ ಸಾಲು ಓದಿದರೆ ಸಾಲದು

ಮಾನ್ಯ ಸಂಪಾದಕರೇ,

ನಿಲ್ಲದ ಭೇದಿ, ಹೊಟ್ಟೆಯುಬ್ಬರ, ಕಬ್ಬಿಣದ ಮಾತ್ರೆಗೂ ಜಗ್ಗದ ರಕ್ತಹೀನತೆ ಇದ್ದವರಿಗೆ ವೈದ್ಯರು ಸೀಲಿಯಾಕ್ ಕಾಯಿಲೆಯ, ಅಂದರೆ ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೊಟೀನಿನಿಂದ ಸಣ್ಣ ಕರುಳಿಗೆ ಹಾನಿಯಾಗುವ ರೋಗದ, ರಕ್ತ ಪರೀಕ್ಷೆ ಬರೆದುಕೊಡುತ್ತಾರೆ. ವರದಿ ಬಂದೊಡನೆ ಕಣ್ಣು ಹೋಗುವುದು, ಈ ರೋಗದಲ್ಲಿ ಏರುವ ಪ್ರತಿಕಾಯವಾದ ‘ಟಿಟಿಜಿ–ಐಜಿಎ’ ಎಂಬ ಸಾಲಿಗೆ. ಅದು ನೆಗೆಟಿವ್ ಇದ್ದರೆ ಕಾಯಿಲೆಯಿಲ್ಲ ಎಂದುಕೊಂಡುಬಿಡುತ್ತೇವೆ. ಹಾಗೆ ನಂಬುವ ಮೊದಲು ಎರಡು ವಿಷಯ ನೋಡಬೇಕು.

ರಕ್ತ ಕೊಡುವಾಗ ರೋಗಿ ಗೋಧಿ ತಿನ್ನುತ್ತಿದ್ದರೇ? ಗೋಧಿ, ಬಾರ್ಲಿ, ರೈ ಧಾನ್ಯಗಳ ಗ್ಲುಟೆನ್ ಹೊಟ್ಟೆಗೆ ಬೀಳುತ್ತಿದ್ದರೆ ಮಾತ್ರ ಈ ಪ್ರತಿಕಾಯಗಳ ಉತ್ಪತ್ತಿ ಮುಂದುವರಿಯುತ್ತದೆ. ಅನುಮಾನ ಬಂದ ಕೂಡಲೇ ಗೋಧಿ ಬಿಟ್ಟು, ಕೆಲವು ತಿಂಗಳ ನಂತರ ಪರೀಕ್ಷೆಗೆ ಹೋದವರ ವರದಿ ಕಾಯಿಲೆ ಇದ್ದೂ ನೆಗೆಟಿವ್ ಬರಬಹುದು. ಪರೀಕ್ಷೆಗೆ ಮುನ್ನ ಕನಿಷ್ಠ 6 ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗ್ಲುಟೆನ್ ಇರಬೇಕು ಎಂಬುದು ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ. ಈಗಾಗಲೇ ಬಿಟ್ಟವರು ವೈದ್ಯರನ್ನು ಕೇಳಿಯೇ ಮತ್ತೆ ಶುರುಮಾಡಬೇಕು.

ಎರಡನೆಯದು ಒಟ್ಟು ಐಜಿಎ. ಕೆಲವರ ದೇಹದಲ್ಲಿ ಈ ಬಗೆಯ ಪ್ರತಿಕಾಯವೇ ತೀರಾ ಕಡಿಮೆ. ಸೀಲಿಯಾಕ್ ಇರುವವರಲ್ಲಿ ಶೇ 2ರಿಂದ 3ರಷ್ಟು ಮಂದಿ ಹೀಗಿರುತ್ತಾರೆ. ಐಜಿಎ ಇಲ್ಲದವರಲ್ಲಿ ಟಿಟಿಜಿ–ಐಜಿಎ ಏರುವುದಾದರೂ ಹೇಗೆ? ಅವರಿಗೆ ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯವನ್ನು ಅಳೆಯುವ ಟಿಟಿಜಿ–ಐಜಿಜಿ ಅಥವಾ ಡಿಜಿಪಿ–ಐಜಿಜಿ ಮಾಡಿಸಬೇಕು. ಒಟ್ಟು ಐಜಿಎಯನ್ನು ಮೊದಲ ಸಲವೇ ಜೊತೆಯಲ್ಲಿ ಬರೆಯದಿರುವುದು, ನಮ್ಮ ದೃಷ್ಟಿಯಲ್ಲಿ, ಅರೆಬರೆ ಪರೀಕ್ಷೆ.

ಪಾಸಿಟಿವ್ ಬಂದರೆ ಅಂಕಿಯನ್ನಲ್ಲ, ಪಕ್ಕದಲ್ಲಿ ಮುದ್ರಿಸಿದ ಸಾಮಾನ್ಯ ಮಟ್ಟದ ಗರಿಷ್ಠ ಗಡಿಯ ಎಷ್ಟು ಪಟ್ಟು ಎಂಬುದನ್ನು ನೋಡಿ. ಕಿಟ್ ಬದಲಾದಂತೆ ಗಡಿಯೂ ಬದಲಾಗುತ್ತದೆ. ಗಡಿ 4 ಇರುವಲ್ಲಿ 40 ಎಂದರೆ ಹತ್ತು ಪಟ್ಟು; ಗಡಿ 20 ಇರುವಲ್ಲಿ ಅದೇ 40 ಬರೀ ಎರಡು ಪಟ್ಟು. ಮಕ್ಕಳಲ್ಲಿ ಹತ್ತು ಪಟ್ಟು ಅಥವಾ ಹೆಚ್ಚಿದ್ದು, ಬೇರೆ ದಿನ ತೆಗೆದ ಇನ್ನೊಂದು ರಕ್ತದ ಮಾದರಿಯಲ್ಲಿ ಇಎಂಎ ಎಂಬ ಮತ್ತೊಂದು ಪ್ರತಿಕಾಯ ಕೂಡ ಪಾಸಿಟಿವ್ ಆದರೆ, ತಜ್ಞರು ಬಯಾಪ್ಸಿ (ಕರುಳಿನ ತುಣುಕು ತೆಗೆದು ಮಾಡುವ ಪರೀಕ್ಷೆ) ಇಲ್ಲದೆಯೇ ರೋಗ ಖಚಿತಪಡಿಸಬಹುದು ಎಂದು ಯುರೋಪಿನ ಮಕ್ಕಳ ಜಠರಕರುಳು ತಜ್ಞರ ಸಂಘ 2020ರಲ್ಲಿ ಹೇಳಿದೆ. ಗಡಿಯನ್ನು ತುಸುವೇ ದಾಟಿದ ಅಂಕಿಯ ಮಾತೇ ಬೇರೆ. ಟೈಪ್ 1 ಮಧುಮೇಹ, ಯಕೃತ್ತಿನ ಕಾಯಿಲೆ ಇದ್ದವರಲ್ಲೂ ಅಷ್ಟು ಏರಿಕೆ ಕಾಣಬಹುದು. ಆಗ ಇಎಂಎ, ಎಂಡೋಸ್ಕೋಪಿ, ಬಯಾಪ್ಸಿ ಬೇಕು. ಕರುಳಿನ ಹಾನಿ ಅಲ್ಲಲ್ಲಿ ಚದುರಿರುವುದರಿಂದ ಸಣ್ಣ ಕರುಳಿನ ಮೊದಲ ಭಾಗವಾದ ಡುಯೊಡಿನಮ್ಮಿನಿಂದ ಕನಿಷ್ಠ ನಾಲ್ಕು ತುಣುಕು, ಅದರ ಆರಂಭದ ಉಬ್ಬು ಭಾಗದಿಂದ ಒಂದೆರಡು ತೆಗೆಯಬೇಕು. ರಕ್ತದ ವರದಿ ನೋಡಿ ಗಾಬರಿಯಾಗಿ ಗೋಧಿ ಬಿಡುವವರು ಹೆಚ್ಚಾಗಿ ಎಡವುವುದು ಇಲ್ಲೇ: ಬಯಾಪ್ಸಿ ಮುಗಿಯುವವರೆಗೂ ಗ್ಲುಟೆನ್ ತಿನ್ನುತ್ತಲೇ ಇರಬೇಕು.

ಡಿಕ್ಯೂ2, ಡಿಕ್ಯೂ8 ಎಂಬ ಜೀನ್ ಪರೀಕ್ಷೆ ಪಾಸಿಟಿವ್ ಬಂದರೆ ರೋಗವಿದೆ ಎಂದೇನಲ್ಲ. ಅನೇಕ ಜನಸಮುದಾಯಗಳಲ್ಲಿ ಶೇ 30ರಿಂದ 40ರಷ್ಟು ಆರೋಗ್ಯವಂತರಲ್ಲೂ ಇವು ಇರುತ್ತವೆ. ಎರಡೂ ಇಲ್ಲವಾದರೆ ಸೀಲಿಯಾಕ್ ಬಹುತೇಕ ಇಲ್ಲ ಎನ್ನಬಹುದು. ‘ಆಹಾರ ಅಸಹಿಷ್ಣುತೆ’ಯ ಹೆಸರಿನಲ್ಲಿ ಮಾರುವ ಐಜಿಜಿ ಪ್ಯಾಕೇಜುಗಳಿಂದ ಈ ರೋಗ ಪತ್ತೆಯಾಗುವುದಿಲ್ಲ, ಹಣ ದಂಡ.

ರೋಗ ಖಚಿತವಾಗಿ ಪಥ್ಯ ಹಿಡಿದ ಮೇಲೆ ಟಿಟಿಜಿ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತದೆ, ಆರಂಭದ ಅಂಕಿ ದೊಡ್ಡದಿದ್ದರೆ ವರ್ಷವೂ ಮೀರಬಹುದು. ಹೋಲಿಕೆ ಸರಿಯಾಗಬೇಕಾದರೆ ಪ್ರತಿ ಸಲವೂ ಅದೇ ಲ್ಯಾಬಿನಲ್ಲಿ ಮಾಡಿಸಿ, ಹಳೆಯ ವರದಿಗಳನ್ನು ಗಡಿಯ ಸಮೇತ ಇಟ್ಟುಕೊಳ್ಳಿ. ಇಳಿದದ್ದು ಮತ್ತೆ ಏರಿದರೆ ಮೊದಲು ಅನುಮಾನಿಸಬೇಕಾದ್ದು, ಎಲ್ಲಿಂದಲೋ ನುಸುಳಿದ ಗ್ಲುಟೆನ್ನನ್ನು.