ಗುಡಿಯಷ್ಟೇ ಅಲ್ಲ, ಹಳೇ ಹೋಟೆಲೂ ಪರಂಪರೆಯೇ

ಮಾನ್ಯ ಸಂಪಾದಕರೇ,

ಗದಗದ ಸ್ಟೇಷನ್ ಕಡೆಯ ಹಳೇ ಹೋಟೆಲೊಂದನ್ನು ಕೆಡವಿ ಕಾಂಪ್ಲೆಕ್ಸ್ ಕಟ್ಟುತ್ತಾರೆ ಅನ್ನುವ ಮಾತು ಊರಲ್ಲಿ ಓಡಾಡುತ್ತಿದೆ. ಹೆಸರು ಬರೆಯುವುದಿಲ್ಲ. ಮಾಲೀಕರ ಮೇಲೆ ನನಗೆ ಸಿಟ್ಟಿಲ್ಲ. ಜಾಗ ಅವರದು, ಸೋರುವ ಹಂಚು ಬದಲಿಸುವ ಖರ್ಚೂ ಅವರದೇ. ಆದರೆ ಈ ಸುದ್ದಿ ಕೇಳಿ 'ಕೆಡವಲಿ ಬಿಡಿ, ಅದೇನು ಗುಡಿಯಾ?' ಎಂದವರೇ ಜಾಸ್ತಿ. ನನ್ನ ತಕರಾರು ಆ ಮಾತಿನ ಮೇಲೆ.

ನಮ್ಮಲ್ಲಿ ಪರಂಪರೆ ಅಂದರೆ ಕಲ್ಲಿನದು, ಚಾಲುಕ್ಯರ ಕಾಲದ್ದು ಅಂತ ಆಗಿಬಿಟ್ಟಿದೆ. ತ್ರಿಕೂಟೇಶ್ವರ, ವೀರನಾರಾಯಣ, ಪಕ್ಕದ ಲಕ್ಕುಂಡಿ ಎಲ್ಲವೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವತ್ತಿನ ಗದಗ ಬೆಳೆದದ್ದು ಹತ್ತಿ ಮತ್ತು ರೈಲಿನಿಂದ. 1880ರ ದಶಕದಲ್ಲಿ ಸೊಲ್ಲಾಪುರ ಹತ್ತಿರದ ಹೊಟಗಿಯ ರೈಲು ಲೈನ್ ಬಂತು, ಇನ್ನೊಂದು ಕಡೆ ಬಳ್ಳಾರಿ ಮೇಲೆ ಹೋಗುವ ಗುಂತಕಲ್ ಲೈನ್. ವಿಜಯಪುರ, ಬಾಗಲಕೋಟೆ ಕಡೆಯವರು ಬಳ್ಳಾರಿಗೆ ಹೋಗಬೇಕೆಂದರೆ ಇಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತು. ಮುಂದಿನ ಗಾಡಿ ಬರುವ ತನಕ ಉಣ್ಣಲು ಒಂದು ಜಾಗ ಬೇಕು, ರಾತ್ರಿಯಾದರೆ ಬೆನ್ನು ಚಾಚಲು ಒಂದು ಜಾಗ ಬೇಕು. ಹತ್ತಿ ತಂದ ರೈತನೂ ಅಡತಿ ಅಂಗಡಿಯಲ್ಲಿ ಲೆಕ್ಕ ಮುಗಿಯುವವರೆಗೆ ಕಾಯಬೇಕು. ಕೆಳಗೆ ಹೋಟೆಲ್, ಮೇಲೆ ರೂಮು ಇರುವ ಕಟ್ಟಡಗಳು ಇಂಥ ಊರುಗಳಲ್ಲಿ ಎದ್ದದ್ದು ಹೀಗೆ ಕಾಯುವ ಜನರಿಗಾಗಿ.

ನಾಟಕದ ವಿಷಯ ತಗೊಳ್ಳಿ. ನಾಟಕಕಾರ ಶಾಂತಕವಿಗಳು 1870ರ ದಶಕದಲ್ಲೇ ಇಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರು. ಮುಂದೆ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸುವ ಆಶ್ರಮ ನಡೆಸಲು ನಾಟಕ ಕಂಪನಿಯನ್ನೇ ಶುರು ಮಾಡಿದರು. ಪ್ರಿಂಟಿಂಗ್ ಪ್ರೆಸ್ಸುಗಳಿಗಂತೂ ಈ ಊರು ಮೊದಲಿಂದ ಹೆಸರಾದದ್ದು. ನಟರು, ಪ್ರೆಸ್ಸಿನವರು, ಕೋರ್ಟಿಗೆ ಬಂದ ಕಕ್ಷಿದಾರರು ಯಾರೂ ಅರಮನೆಯಲ್ಲಿ ಉಣ್ಣಲಿಲ್ಲ ಅಲ್ವಾ?

ಕಟ್ಟಡವನ್ನೇ ನೋಡಿದರೂ ಊರಿನ ವ್ಯಾಪಾರ ಗೊತ್ತಾಗುತ್ತದೆ. ಕಾಲಡಿಗೆ ಶಹಾಬಾದ್ ಫರಸಿ, ತಲೆ ಮೇಲೆ ಮಂಗಳೂರು ಹಂಚು, ಎರಡೂ ದೂರದಿಂದ ಬಂದ ಸಾಮಾನು. ತೇಗದ ಕಂಬ, ಕಡಿದಾದ ಮರದ ಏಣಿ, ಗಲ್ಲಾದ ಪಕ್ಕ ಕೈ ತೊಳೆಯುವ ತೊಟ್ಟಿ. ಅಡುಗೆಮನೆಯ ಹೊಗೆ ಹೋಗಲು ಮಾಡಿನಲ್ಲಿ ಬಿಟ್ಟ ಕಿಂಡಿಯನ್ನು ಯಾವ ಎಂಜಿನಿಯರ್ ಹೇಳಿಕೊಟ್ಟರೋ ಕಾಣೆ, ಇವತ್ತಿನ ಎಕ್ಸಾಸ್ಟ್ ಫ್ಯಾನಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಹಾಗಂತ ಹಳೇ ಹೋಟೆಲೆಂದರೆ ಬರೀ ಮಿರ್ಚಿ ಭಜಿ, ಚಹಾದ ಸಿಹಿ ನೆನಪು ಅಂತ ನಾನು ಹೇಳುವುದಿಲ್ಲ. ಒಂದೊಂದು ಜಾತಿಗೆ ಒಂದೊಂದು ಖಾನಾವಳಿ, ಒಳಗೆ ಕೂರಲು ಕೆಲವರಿಗಷ್ಟೇ ಅವಕಾಶ, ದಲಿತರಿಗೆ ಹೊರಗೇ ಬೇರೆ ಕಪ್ಪು. ಇದೂ ಇದೇ ಹೋಟೆಲುಗಳ ಚರಿತ್ರೆ. ನನ್ನ ಪ್ರಕಾರ ಉಳಿಸಬೇಕಾದ ದೊಡ್ಡ ಕಾರಣವೇ ಇದು. ಕಟ್ಟಡ ಹೋದರೆ 'ನಮ್ಮೂರಲ್ಲಿ ಹಂಗೇನೂ ಇರಲಿಲ್ಲ' ಎನ್ನುವುದು ಬಹಳ ಸುಲಭವಾಗುತ್ತದೆ.

ಇನ್ನು ಕಾನೂನು. 1958ರ ಕೇಂದ್ರ ಸ್ಮಾರಕ ಕಾಯ್ದೆ ನೂರು ವರ್ಷ ದಾಟಿದ್ದನ್ನೇ ಕೇಳುತ್ತದೆ, ಅದಕ್ಕೆ ಹೋಟೆಲುಗಳು ಸಿಗುವುದು ಕಷ್ಟ. ಆದರೆ ನಮ್ಮ ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡ ಎಂಬುದಕ್ಕೆ ಜಾಗ ಇದೆ. ಇತಿಹಾಸದ ಅಥವಾ ಸಂಸ್ಕೃತಿಯ ಬೆಲೆ ಇರುವ ಕಟ್ಟಡವನ್ನು ಯೋಜನಾ ಪ್ರಾಧಿಕಾರವೇ ಹಾಗೆ ಘೋಷಿಸಬಹುದು. ಗದಗ-ಬೆಟಗೇರಿಗೆ ನಗರಾಭಿವೃದ್ಧಿ ಪ್ರಾಧಿಕಾರ ಇದ್ದೇ ಇದೆ. ಮೊದಲು ಒಂದು ಪಟ್ಟಿ ಮಾಡಲಿ, ಅದರಲ್ಲಿ ಹೋಟೆಲ್, ಪ್ರೆಸ್ಸು, ಹತ್ತಿ ಜಿನ್ನಿಂಗ್ ಗಿರಣಿ ಎಲ್ಲ ಬರಲಿ. ಪಟ್ಟಿಗೆ ಸೇರಿಸಿ ಮಾಲೀಕರ ಕೈ ಕಟ್ಟಿ ಹಾಕುವುದು ಮಾತ್ರ ಬೇಡ. ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡಲಿ, ರಸ್ತೆ ಕಡೆಯ ಮುಖ ಉಳಿಸಿಕೊಂಡು ಹಿಂದೆ ಹೊಸದು ಕಟ್ಟಲು ಬಿಡಲಿ. ಅದೂ ಆಗುವುದಿಲ್ಲವೆಂದರೆ ಜೆಸಿಬಿ ಬರುವ ಮೊದಲು ಫೋಟೊ, ಅಳತೆ, ನಕ್ಷೆ ಇಷ್ಟಾದರೂ ಆಗಲಿ.

ನಿಮ್ಮ ಪತ್ರಿಕೆಗೂ ಒಂದು ವಿನಂತಿ. ಹಳೇ ದರಪಟ್ಟಿ, ರೂಮಿನ ರಶೀದಿ, ಫೋಟೊ ಎಷ್ಟೋ ಮನೆಗಳ ಟ್ರಂಕಿನಲ್ಲಿ ಇರುತ್ತವೆ. ಓದುಗರಿಂದ ತರಿಸಿಕೊಂಡು ಜಿಲ್ಲಾ ಪುಟದಲ್ಲಿ ವಾರಕ್ಕೊಂದು ಹೋಟೆಲಿನ ಬಗ್ಗೆ ಬರೆಯಬಹುದಾ?

- ಒಬ್ಬ ಓದುಗ, ಬೆಟಗೇರಿ