ಮುದಗಲ್ಲಿನ ಸಂಬಂಧಕ್ಕೆ ಮುಂಚೆ

ಕೌಲ್ ಬಜಾರ್, ಬಳ್ಳಾರಿ
ಭಾನುವಾರ ಸಂಜೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಮೊನ್ನೆ ನಿಮ್ಮಮ್ಮ ಫೋನಿನಲ್ಲಿ ಅತ್ತಳು. ಹುಡುಗ ಮುದಗಲ್ಲಿನವನು, ಕೆಥೋಲಿಕರು ಅನ್ನುವ ಎರಡು ಮಾತು ಹೊರಗೆ ಬರಲು ಅರ್ಧ ತಾಸು ಹಿಡಿಯಿತು. ಮರುದಿನ ನೀನು ಮಾಡಿದೆ. "ಅವರೂ ಕ್ರೈಸ್ತರೇ, ನಾವೂ ಕ್ರೈಸ್ತರೇ. ಎಲ್ಲಾ ಒಂದೇ ಅಲ್ವಾ ದೊಡ್ಡಮ್ಮಾ, ಅಮ್ಮನಿಗೆ ನೀವೇ ಹೇಳಿ" ಅಂದೆ. ನಿಜ ಹೇಳಲೇ, ಅವಳ ಅಳುವಿಗಿಂತ ನಿನ್ನ 'ಎಲ್ಲಾ ಒಂದೇ' ಕೇಳಿ ನನಗೆ ಹೆಚ್ಚು ದಿಗಿಲಾಯಿತು. ಮೂವತ್ತು ವರ್ಷ ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿದವಳು ನಾನು, ನೀನೂ ಅದೇ ಚಾಪೆಯ ಮೇಲೆ ಕೂತವಳು. ಮದುವೆ ಬೇಡ ಅನ್ನಲು ಬರೆಯುತ್ತಿಲ್ಲ. ಹುಡುಗನ ಬಗ್ಗೆ ನಾಲ್ಕು ಕಡೆ ವಿಚಾರಿಸಿದ್ದೇನೆ, ಒಳ್ಳೆಯ ಮಾತೇ ಬಂದಿದೆ. ಆದರೆ ಎಲ್ಲಾ ಒಂದೇ ಅಂದುಕೊಂಡು ಹೋದವರು ಮೊದಲ ಮಗುವಿನ ತೊಟ್ಟಿಲ ಹತ್ತಿರ ಜಗಳ ತೆಗೆಯುವುದನ್ನು ನೋಡಿದ್ದೇನೆ. ಬೇರೆ ಬೇರೆ ಅಂತ ತಿಳಿದುಕೊಂಡೇ ಹೋದವರು ಚೆನ್ನಾಗಿ ಬಾಳಿದ್ದಾರೆ.

ಮೊದಲು ನಿಮ್ಮಮ್ಮನಿಗೆ ಒಂದು ಮಾತು ಹೇಳು. ಮುದಗಲ್ ಅಂದರೆ ನಮ್ಮ ಕಡೆಯವರಿಗೆ ಮೊಹರಂ ನೆನಪಾಗುತ್ತದೆ, ಸರಿ. ಅಲ್ಲಿಯ ಕೆಥೋಲಿಕರು ಆದಿಲ್‌ಶಾಹಿ ಕಾಲದವರು, ಹದಿನಾರನೆಯ ಶತಮಾನದಿಂದ ಇದ್ದಾರೆ. ನಮ್ಮ ಪ್ರಾಟೆಸ್ಟೆಂಟರ ಕಥೆ ಶುರುವಾದದ್ದು 1810ರಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದ ಮೇಲೆ. ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಇದೇ ಊರಲ್ಲಿ ನಡೆಯಿತು ಅನ್ನುವುದು ನಮಗೆ ಹೆಮ್ಮೆಯೇ. ಆದರೂ ವಯಸ್ಸಿನ ಲೆಕ್ಕ ಹಾಕಿದರೆ ಬೀಗರೇ ಹಿರಿಯರು.

ಇನ್ನು ನಮ್ಮದೂ ಒಂದೇ ಹಿಟ್ಟಿನ ರೊಟ್ಟಿಯಲ್ಲ. ಲಂಡನ್ ಮಿಷನ್ನಿನ ಸಭೆಗಳಿಗೆ ಬಿಷಪ್ಪರೇ ಇರಲಿಲ್ಲ, ಸಭೆಯ ಮಾತು ಸಭೆಯೇ ಕೂತು ತೀರ್ಮಾನಿಸುತ್ತಿತ್ತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಇಂಗ್ಲೆಂಡಿನ ಚರ್ಚಿನ ಪರಂಪರೆಯ ಆಂಗ್ಲಿಕನ್ನರು, ಇಂಗ್ಲೆಂಡಿನ ಕವಲಿನ ಮೆಥೋಡಿಸ್ಟರು ಮತ್ತು ನಮ್ಮವರಿದ್ದ ಸೌತ್ ಇಂಡಿಯಾ ಯುನೈಟೆಡ್ ಚರ್ಚು ಕೂಡಿ ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಆದಾಗ ಬಿಷಪ್ಪರು ಬಂದರು. ನಮ್ಮ ತಾತ ಸಾಯುವ ತನಕ ಅದಕ್ಕೆ ಗೊಣಗಿದ. ರಾಯಚೂರಿನ ಮೆಥೋಡಿಸ್ಟರು ಅಮೆರಿಕದ ಕವಲು, ಅವರು ಸೇರಲೇ ಇಲ್ಲ. ಕೆಥೋಲಿಕರಿಗೆ ಈ ಗೊಂದಲವಿಲ್ಲ, ಪಾದ್ರಿಯ ಮೇಲೆ ಬಿಷಪ್ಪರು, ಎಲ್ಲರ ಮೇಲೆ ರೋಮಿನ ಪೋಪು.

ಈಗ ಪ್ರಭುಭೋಜನದ, ಅಂದರೆ ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ವಿಷಯಕ್ಕೆ ಬರುತ್ತೇನೆ. ನನಗೆ ಇದು ತಿಳಿದದ್ದು ಪುಸ್ತಕದಿಂದಲ್ಲ. ನಮ್ಮ ಓಣಿಯ ಕೆಥೋಲಿಕ ಅಜ್ಜಿ ತೀರಿಕೊಂಡಾಗ ಮಣ್ಣಿಗೆ ಮುಂಚೆ ಬಲಿಪೂಜೆ ಇತ್ತು, ಅವರ ಪ್ರಭುಭೋಜನದ ಆರಾಧನೆ. ಎಲ್ಲರೂ ಎದ್ದು ಸಾಲಾಗಿ ಹೋದರು, ನಾನೂ ಹೋದೆ. ಫಾದರ್ ಕೈಯಲ್ಲಿ ಗೋಧಿಯ ತೆಳು ಬಿಲ್ಲೆ, ಕಾಗದದಷ್ಟು ಬಿಳುಪು. ಮುಂದಿನವಳಿಗೆ "ಕ್ರಿಸ್ತರ ಶರೀರ" ಅಂದರು, ಅವಳು "ಆಮೆನ್" ಅಂದಳು. ನನ್ನ ಸರದಿ ಬಂದಾಗ ನಾನು ಕೈ ಹೇಗೆ ಹಿಡಿಯಬೇಕೋ ತಿಳಿಯದೆ ಸೆರಗು ಹಿಡಿದು ನಿಂತೆ. ಅವರಿಗೆ ಅರ್ಥವಾಯಿತು. ಬಿಲ್ಲೆಯನ್ನು ಬಟ್ಟಲಿಗೆ ಹಿಂದಕ್ಕಿಟ್ಟು, ನನ್ನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ ಕಳಿಸಿದರು. ಬೆಂಚಿಗೆ ಬಂದು ಕೂತಾಗ ಮುಖವೆಲ್ಲ ಬಿಸಿಯಾಗಿತ್ತು. ಕರೆದವರಿಗೆ ಮಾತ್ರ ಬಡಿಸುವ ಊಟಕ್ಕೆ ಕರೆಯದೆ ಹೋದ ಹಾಗೆ.

ಆಮೇಲೆ ಯೋಚಿಸಿದೆ. ಅವರ ನಂಬಿಕೆಯಲ್ಲಿ ಗುರುವಿನ ಪ್ರಾರ್ಥನೆಯ ನಂತರ ಅದು ರೊಟ್ಟಿಯಾಗಿ ಉಳಿಯುವುದಿಲ್ಲ, ನೋಟಕ್ಕೆ ರುಚಿಗೆ ಹಾಗೆ ಕಂಡರೂ ಕ್ರಿಸ್ತನೇ ಆಗಿರುತ್ತದೆ. ಅದಕ್ಕೇ ಮಿಕ್ಕದ್ದನ್ನು ಪೆಟ್ಟಿಗೆಯಲ್ಲಿ ಇಟ್ಟು ಪಕ್ಕದಲ್ಲಿ ಆರದ ದೀಪ ಹಚ್ಚುತ್ತಾರೆ, ಮುಂದೆ ಹಾದು ಹೋಗುವವರು ಮೊಣಕಾಲೂರುತ್ತಾರೆ. ಲಂಡನ್ ಮಿಷನ್ನಿನಿಂದ ಬಂದ ನಮ್ಮ ಮನೆಗಳಲ್ಲಿ ಅದು ಕರ್ತನನ್ನು ನೆನೆಯುವ ಭೋಜನ. ಆರಾಧನೆ ಮುಗಿದ ಮೇಲೆ ಮಿಕ್ಕದ್ದನ್ನು ನಮ್ಮ ಪಾದ್ರಿ ಅಯ್ಯನವರೂ ನಾವೂ ಅಲ್ಲೇ ತಿಂದು, ಪುಟ್ಟ ಲೋಟಗಳನ್ನು ನಾನೇ ತೊಳೆದು ಕವುಚಿಡುತ್ತೇನೆ. ಈ ವ್ಯತ್ಯಾಸ ಸಣ್ಣದಲ್ಲ ಪುಟ್ಟಿ. ರೋಮನ್ನು ಬಿಟ್ಟು ಬಂದವರೇ ಇದಕ್ಕಾಗಿ ಒಡೆದರು. 1529ರಲ್ಲಿ ಮಾರ್ಬುರ್ಗಿನಲ್ಲಿ ಜರ್ಮನಿಯ ಸುಧಾರಕ ಲೂಥರನೂ ಸ್ವಿಟ್ಜರ್ಲೆಂಡಿನ ಸುಧಾರಕ ಜ್ವಿಂಗ್ಲಿಯೂ ಮಾತಿಗೆ ಕೂತಾಗ, ಲೂಥರ್ ಸೀಮೆಸುಣ್ಣ ತೆಗೆದುಕೊಂಡು ಮೇಜಿನ ಮೇಲೆ 'ಇದು ನನ್ನ ದೇಹ' ಅಂತ ಲ್ಯಾಟಿನಿನಲ್ಲಿ ಬರೆದು ಅಲ್ಲಿಂದ ಜಗ್ಗಲೇ ಇಲ್ಲವಂತೆ. ಮಾಸ್ತರಿಕೆ ಮಾಡಿದವಳಿಗೆ ಆ ಸೀಮೆಸುಣ್ಣದ ಕಥೆ ಬಹಳ ಇಷ್ಟ.

ನಿನಗೆ ಇದರ ಅರ್ಥ ಇಷ್ಟೇ. ಮದುವೆಯಾದ ಮೇಲೂ ಅವನು ಸಾಲಿನಲ್ಲಿ ಹೋಗುತ್ತಾನೆ, ನೀನು ಬೆಂಚಿನಲ್ಲಿ ಕೂರುತ್ತೀ. ನಮ್ಮಲ್ಲಿ ಬೇರೆ ಸಭೆಯವರಿಗೂ ಕೊಡುತ್ತೇವೆ, ಆದರೆ ತೆಗೆದುಕೊಳ್ಳಲು ಅವನ ಸಭೆ ಅವನಿಗೆ ಒಪ್ಪಿಗೆ ಕೊಡುವುದಿಲ್ಲ. ವಾರ ವಾರವೂ ಒಬ್ಬರು ಕೂತಿರಬೇಕು. ಅದನ್ನು ನೀನು ಸಹಿಸುತ್ತೀಯಾ ಅಂತ ಈಗಲೇ ನಿನ್ನನ್ನು ಕೇಳಿಕೋ.

ದೀಕ್ಷಾಸ್ನಾನದಲ್ಲಿ ಮಾತ್ರ ನೀವಿಬ್ಬರೂ ಒಂದು ಕಡೆ. ಎರಡೂ ಸಭೆಯಲ್ಲಿ ಹಸುಗೂಸಿಗೆ ಕೊಡುತ್ತಾರೆ. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನೀರಿನಿಂದ ಆದದ್ದನ್ನು ಕೆಥೋಲಿಕರೂ ಒಪ್ಪುತ್ತಾರೆ, ಮತ್ತೆ ಮಾಡಿಸಿಕೋ ಅನ್ನುವುದಿಲ್ಲ. ಹಾಗೆ ಅನ್ನುವವನು ನಮ್ಮ ಮನೆಯಲ್ಲೇ ಇದ್ದಾನೆ, ನಿನ್ನ ಸೋದರಮಾವ. ನೀನಾಗ ಚಿಕ್ಕವಳು. ಅವನು ಪೆಂತೆಕೋಸ್ತಿನವರನ್ನು ಸೇರಿ, ನಲವತ್ತನೆಯ ವಯಸ್ಸಿನಲ್ಲಿ ಕಾಲುವೆಯಲ್ಲಿ ಮುಳುಗಿ ಬಂದ. ಮೈಗೆ ಅಂಟಿದ ಬಿಳಿ ಅಂಗಿಯಲ್ಲೇ ಬಾಗಿಲಿಗೆ ಬಂದು "ಅವ್ವಾ, ಇವತ್ತು ನನಗೆ ದೀಕ್ಷಾಸ್ನಾನವಾಯ್ತು" ಅಂದ. ಅಕ್ಕಿ ಆರಿಸುತ್ತಿದ್ದ ನಮ್ಮವ್ವ ಮೊರ ಕೆಳಗಿಡಲಿಲ್ಲ. "ಹಂಗಾದ್ರೆ ನಿನ್ನ ಎತ್ತಿಕೊಂಡು ಹೋಗಿ ನಾನು ಕೊಡಿಸಿದ್ದು ಏನಪ್ಪಾ?" ಅಂದಳು. ಅವನ ಹತ್ತಿರ ಉತ್ತರವಿರಲಿಲ್ಲ. ಅಂದರೆ ಇತ್ತು, ತಾಯಿಗೆ ಹೇಳುವಂಥದ್ದಾಗಿರಲಿಲ್ಲ.

ಅವನ ವಾದ ಹುಸಿ ಅನ್ನಲಾರೆ. ನಂಬಿಕೆ ಮೊದಲು, ನೀರು ಆಮೇಲೆ, ಎಳೆ ಕೂಸು ಏನು ನಂಬೀತು ಅನ್ನುತ್ತಾರೆ ಬ್ಯಾಪ್ಟಿಸ್ಟರೂ ಪೆಂತೆಕೋಸ್ತಿನವರೂ. ಬೈಬಲ್ಲಿನಲ್ಲಿ ಸೆರೆಮನೆಯ ಅಧಿಕಾರಿ ಮನೆಯವರೆಲ್ಲರ ಸಮೇತ ದೀಕ್ಷಾಸ್ನಾನ ಪಡೆದನಲ್ಲ, ಆ ಮನೆಯಲ್ಲಿ ಕೂಸು ಇರಲಿಲ್ಲವೇ ಅನ್ನುತ್ತೇವೆ ನಾವು. ಅವರ ಅನ್ಯಭಾಷೆಯ ಪ್ರಾರ್ಥನೆ ನನ್ನ ಕಿವಿಗೆ ಒಗ್ಗುವುದಿಲ್ಲ, ಆದರೆ ಅಲ್ಲಿಗೆ ಹೋದ ಮೇಲೆ ಅವನು ಕುಡಿತ ಬಿಟ್ಟದ್ದು ನಿಜ. ನಿನ್ನ ಮದುವೆಯ ಸುದ್ದಿ ಕೇಳಿ ಅವನು ಖಂಡಿತ ಫೋನ್ ಮಾಡುತ್ತಾನೆ, ಕೆಥೋಲಿಕರು ವಿಗ್ರಹ ಪೂಜಿಸುವವರು ಅನ್ನುತ್ತಾನೆ. ವಾದಕ್ಕೆ ನಿಲ್ಲಬೇಡ. ಕೆಥೋಲಿಕರು ಮರಿಯಮ್ಮನಿಗೆ ಜಪಸರ ಹಿಡಿದು 'ನಮೋ ಮರಿಯಾ' ಹೇಳುವುದು ನಮಗಾಗಿ ಬೇಡಿಕೋ ತಾಯಿ ಅಂತ, ದೇವರು ಅಂತಲ್ಲ. ನನಗೆ ಅದು ಬೇಕು ಅನ್ನಿಸಿಲ್ಲ, ನೇರವಾಗಿಯೇ ಕೇಳಿ ಅಭ್ಯಾಸ. ನಿನಗೂ ಅನ್ನಿಸದಿದ್ದರೆ ಅತ್ತೆಯ ಜೊತೆ ಸುಮ್ಮನೆ ಕೂತಿರು, ಬಾಯಿ ಆಡಿಸುವ ನಾಟಕ ಬೇಡ.

ಈಗ ಕಾಗದ ಪತ್ರದ ಮಾತು, ಇದನ್ನು ಎರಡು ಸಲ ಓದು. ಕೆಥೋಲಿಕನೊಬ್ಬ ಬೇರೆ ಸಭೆಯವಳನ್ನು ಮದುವೆಯಾಗಲು ಅವರ ಬಿಷಪ್ಪರ ಅನುಮತಿ ಬೇಕು. ಹುಟ್ಟುವ ಮಕ್ಕಳಿಗೆ ಕೆಥೋಲಿಕ ಸಭೆಯಲ್ಲೇ ದೀಕ್ಷಾಸ್ನಾನ ಕೊಡಿಸಿ ಬೆಳೆಸಲು ಕೈಲಾದದ್ದನ್ನೆಲ್ಲ ಮಾಡುತ್ತೇನೆ ಅಂತ ಅವನು ಮಾತು ಕೊಡಬೇಕು. ಕೊಡುವವನು ಅವನು, ನಿನಗೆ ತಿಳಿಸುತ್ತಾರೆ ಅಷ್ಟೆ. ಅವರ ರೀತಿಯಲ್ಲೇ ಮದುವೆಯಾಗಬೇಕು ಅನ್ನುವ ನಿಯಮದಿಂದ ವಿನಾಯಿತಿ ಪಡೆಯದೆ ನಮ್ಮ ಚರ್ಚಿನಲ್ಲಿ ಮಾಡಿದರೆ ಅವರ ಲೆಕ್ಕದಲ್ಲಿ ಅದು ಮದುವೆಯೇ ಅಲ್ಲ. ನಮಗೆ ಸಂಸ್ಕಾರಗಳು ಎರಡು, ಅವರಿಗೆ ಏಳು, ಮದುವೆಯೂ ಅದರಲ್ಲಿ ಒಂದು. ಕೋರ್ಟು ವಿಚ್ಛೇದನ ಕೊಟ್ಟರೂ ಅವರ ಸಭೆಯ ಕಣ್ಣಿಗೆ ಗಂಟು ಬಿಚ್ಚಿರುವುದಿಲ್ಲ. ಮಕ್ಕಳ ವಿಷಯ ಅವನು ನಿನಗೆ ಹೇಳಿದ್ದಾನೋ? ಹೇಳದಿದ್ದರೆ ನೀನೇ ಕೇಳು, ಅತ್ತೆ ಮಾವ ಇಲ್ಲದಾಗ. "ಆಮೇಲೆ ನೋಡೋಣ" ಅಂದರೆ ನೀನೂ ಮದುವೆಯ ದಿನಾಂಕವನ್ನು ಆಮೇಲೆ ನೋಡೋಣ ಅನ್ನು.

ಸಣ್ಣಪುಟ್ಟವು ತಾನಾಗಿ ರೂಢಿಯಾಗುತ್ತವೆ. ಅವರ ಬೈಬಲ್ಲಿನಲ್ಲಿ 73 ಪುಸ್ತಕ, ನಮ್ಮದರಲ್ಲಿ 66. ಮದುವೆಯ ದಿನ ನಮ್ಮದರಲ್ಲಿಲ್ಲದ ತೊಬಿತನ ಪುಸ್ತಕದಿಂದ ಓದಿದರೆ, ಇದೆಲ್ಲಿಂದ ಬಂತು ಅಂತ ನಿಮ್ಮಪ್ಪ ನನ್ನ ಮುಖ ನೋಡುತ್ತಾರೆ. ತಂದೆತಾಯಿಗಳನ್ನು ಸನ್ಮಾನಿಸು ಅನ್ನುವುದು ನಮಗೆ ಐದನೆಯ ಆಜ್ಞೆ, ಅವರಿಗೆ ನಾಲ್ಕನೆಯದು. ಮಾತು ಅದೇ, ಎಣಿಸುವ ರೀತಿ ಬೇರೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ ಮಟನ್ ಬೇಯಿಸಲು ಹೋಗಬೇಡ. ಕರ್ತನ ಪ್ರಾರ್ಥನೆಯಲ್ಲಿ ನಾವು ದೇವರಿಗೆ 'ನಿನ್ನ ನಾಮ' ಅನ್ನುತ್ತೇವೆ, ಅವರು 'ನಿಮ್ಮ ನಾಮ' ಅನ್ನುತ್ತಾರೆ. ಮನೆಯ ಹಿರಿಯರನ್ನು ಕೆಲವರು ನೀನು ಅಂತ, ಕೆಲವರು ನೀವು ಅಂತ ಕರೆಯುವುದಿಲ್ಲವೇ, ಹಾಗೆ. 'ಕೇಡಿನಿಂದ ರಕ್ಷಿಸಿರಿ' ಅಂದು ಅವರು ನಿಲ್ಲಿಸಿಬಿಡುತ್ತಾರೆ. ನೀನು ಅಭ್ಯಾಸಬಲದಿಂದ 'ರಾಜ್ಯವೂ ಬಲವೂ' ಅಂತ ಒಬ್ಬಳೇ ಮುಂದುವರಿದು ಎಲ್ಲರೂ ತಿರುಗಿ ನೋಡಿದರೆ ನಾಚಿಕೊಳ್ಳಬೇಡ.

ಮುಂದಿನ ತಿಂಗಳು ಅವನನ್ನು ಕರೆದುಕೊಂಡು ಬಾ. ಭಾನುವಾರ ನನ್ನ ಪಕ್ಕ ಕೂರಲಿ. ರೊಟ್ಟಿ ಬಂದಾಗ ಅವನು ಕೈ ಚಾಚದಿದ್ದರೆ ಯಾಕೆ ಅಂತ ನಿಮ್ಮಮ್ಮನಿಗೆ ನಾನು ಹೇಳುತ್ತೇನೆ. ಅವರ ಫಾದರ್ ನಿನ್ನ ದೀಕ್ಷಾಸ್ನಾನದ ಸರ್ಟಿಫಿಕೇಟು ಕೇಳುತ್ತಾರೆ ಅಂತ ಮೊನ್ನೆಯೇ ಚರ್ಚಿನ ಆಫೀಸಿಗೆ ಹೋಗಿದ್ದೆ. ಹಳೆಯ ರಿಜಿಸ್ಟರಿನಲ್ಲಿ ನಿನ್ನ ಹೆಸರಿಗೆ ಒಂದು ಒತ್ತಕ್ಷರ ಬಿಟ್ಟುಹೋಗಿದೆ, ಅದನ್ನು ತಿದ್ದಿಸಿ ಬರೆಸಿಕೊಳ್ಳಬೇಕು. ನಿನ್ನ ಆಧಾರ್ ಕಾರ್ಡಿನ ನಕಲು ಬುಧವಾರದೊಳಗೆ ಕಳಿಸು.

ನಿನ್ನ
ದೊಡ್ಡಮ್ಮ