ಲಿವರ್‌ಪೂಲಿನಿಂದ ಅಪ್ಪನಿಗೆ: ಸಂತೋಷನ ಹಡಗಿನ ವಿಷಯ

ಲಿವರ್‌ಪೂಲ್
17 ನವೆಂಬರ್ 2024

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವಿಬ್ಬರೂ ಇಲ್ಲಿ ಕ್ಷೇಮ. ಅಜ್ಜಿಗೂ ಆಯಿಗೂ ನಮ್ಮ ನಮಸ್ಕಾರ ತಿಳಿಸಿ. ಸಾಯಂಕಾಲ ನಾಲ್ಕೂಕಾಲಿಗೆಲ್ಲ ಇಲ್ಲಿ ಕತ್ತಲಾಗುತ್ತಿದೆ ಎಂಬುದನ್ನು ಬಿಟ್ಟರೆ ನಮಗೆ ಯಾವ ತೊಂದರೆಯೂ ಇಲ್ಲ.

ನಿಮ್ಮ ಪತ್ರ ಮೊನ್ನೆ ಕೈಸೇರಿತು. ನನ್ನ ತಮ್ಮ ಸಂತೋಷನಿಗೆ ಮರ್ಚೆಂಟ್ ನೇವಿಯ, ಅಂದರೆ ಸರಕು ಹಡಗಿನ ಕೆಲಸದ, ತರಬೇತಿಗೆ ಸೀಟು ಸಿಕ್ಕಿದ ದಿನದಿಂದ ಅಜ್ಜಿ ಸರಿಯಾಗಿ ಉಣ್ಣುತ್ತಿಲ್ಲವೆಂದೂ, ಆಯಿ ಟಿವಿಯಲ್ಲಿ ಕೆಂಪು ಸಮುದ್ರದಲ್ಲಿ ಯೆಮನ್‌ನ ಬಂಡುಕೋರರ ದಾಳಿಗೆ ಹಡಗು ಉರಿಯುವುದನ್ನು ಕಂಡ ಮೇಲೆ ರಾತ್ರಿ ಎದ್ದು ಕೂರುತ್ತಾಳೆಂದೂ ಓದಿ ನನಗೂ ಸಂಕಟವಾಯಿತು. ಅಜ್ಜಿಯ ಮಾತು ಹೊಸದಲ್ಲ. ‘ಸಮುದ್ರಕ್ಕೆ ಈ ಮನೆಯಿಂದ ಒಬ್ಬನನ್ನು ಕೊಟ್ಟದ್ದು ಸಾಕು’ ಎಂದು ಅವರು ಹೇಳುವುದನ್ನು ನಾನು ಚಿಕ್ಕವಳಿದ್ದಾಗಿನಿಂದಲೂ ಕೇಳಿದ್ದೇನೆ. ಬೇಲೇಕೇರಿಯಿಂದ ಮುಂಬಯಿಗೆ ಹೋಗಿ ವಿಲಾಯತಿ ಹಡಗಿನಲ್ಲಿ ಖಲಾಸಿಯಾಗಿ ಸೇರಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಡಗಿನೊಡನೆಯೇ ಮುಳುಗಿ ಹೋದ ಅವರ ಹಿರಿಯಣ್ಣನಿಗೆ ನಿಜವಾಗಿ ಏನಾಯಿತು, ಆಗಿನ ಹಡಗಿನ ಬದುಕಿಗೂ ಈಗಿನದಕ್ಕೂ ವ್ಯತ್ಯಾಸವೇನು ಎಂಬುದನ್ನು ‘ನೀನು ಹಡಗಿನ ಊರಿನಲ್ಲೇ ಇದ್ದೀಯ, ವಿಚಾರಿಸಿ ಬರೆ’ ಎಂದು ನೀವು ಕೇಳಿದ್ದೀರಿ. ಫೋನಿನಲ್ಲಿ ಈ ಮಾತು ತೆಗೆದರೆ ಆಯಿಯ ಅಳುವಿನಲ್ಲಿ ಎಲ್ಲವೂ ಕೊಚ್ಚಿಹೋಗುತ್ತದೆ, ಆದ್ದರಿಂದ ಬರೆಯುತ್ತಿದ್ದೇನೆ.

ನೀವು ಕೇಳಿದ ಊರು ಸರಿಯಾದದ್ದೇ. ಆಗ ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನಿಯ ವಿರುದ್ಧ ಬ್ರಿಟನ್ನಿನ ಹೋರಾಟವನ್ನು ನಡೆಸಿದ್ದು ಈ ಊರಿನ ಒಂದು ಕಟ್ಟಡದ ನೆಲಮಾಳಿಗೆಯಿಂದ. ಡರ್ಬಿ ಹೌಸ್ ಎಂದು ಅದರ ಹೆಸರು. 1941ರ ಫೆಬ್ರುವರಿಯಲ್ಲಿ ನೌಕಾಪಡೆಯ ಪಶ್ಚಿಮ ಸಮುದ್ರಮಾರ್ಗದ ಕಚೇರಿ ಪ್ಲಿಮತ್‌ನಿಂದ ಅಲ್ಲಿಗೆ ಬಂತು, ಈಗ ಅದು ವಸ್ತುಸಂಗ್ರಹಾಲಯ. ರಜೆಯ ದಿನ ನಾವಿಬ್ಬರೂ ಹೋಗಿದ್ದೆವು. ಗೋಡೆಯ ತುಂಬ ಅಟ್ಲಾಂಟಿಕ್‌ನ ನಕಾಶೆ, ಅದರ ಮುಂದೆ ಎತ್ತರದ ಏಣಿ. ಇಪ್ಪತ್ತು ವರ್ಷದ ಆಸುಪಾಸಿನ ಹುಡುಗಿಯರು ಆ ಏಣಿ ಹತ್ತಿ ಹಡಗುಗಳ ಗುರುತುಗಳನ್ನು ಹಗಲೂ ರಾತ್ರಿಯೂ ಸರಿಸುತ್ತಿದ್ದರಂತೆ. ಮೇಲಿನ ಮಹಡಿಯ ಇನ್ನೊಂದು ಕೋಣೆಯಲ್ಲಿ ಕ್ಯಾಪ್ಟನ್ ಗಿಲ್ಬರ್ಟ್ ರಾಬರ್ಟ್ಸ್ ಎಂಬವರು ಇಂಥ ಹುಡುಗಿಯರನ್ನೇ ಕಟ್ಟಿಕೊಂಡು ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಜರ್ಮನಿಯ ಜಲಾಂತರ್ಗಾಮಿಗಳು ಹೇಗೆ ಬರುತ್ತವೆ, ಕಾವಲು ಹಡಗುಗಳು ಯಾವ ಕಡೆಗೆ ತಿರುಗಬೇಕು ಎಂದು ಆಟದಂತೆ ಆಡಿಸಿ, ಸಮುದ್ರದಿಂದ ಬಂದ ಅಧಿಕಾರಿಗಳಿಗೆ ಪಾಠ ಹೇಳುತ್ತಿದ್ದರು. ಮೀಸೆ ಹೊತ್ತ ಕಪ್ತಾನರಿಗೆ ಸಮುದ್ರವನ್ನು ಎಂದೂ ದಾಟದ ಹುಡುಗಿಯರು ಯುದ್ಧ ಕಲಿಸಿದರೆಂಬುದನ್ನು ಅಜ್ಜಿಗೆ ಹೇಳಿ, ಸಂತೋಷಪಡುತ್ತಾರೆ.

ಕಾನ್ವಾಯ್ ಎಂದರೆ ಏನೆಂದು ನೀವು ಕೇಳಿದ್ದಿರಿ. ಸರಕು ಹಡಗುಗಳು ಒಂಟಿಯಾಗಿ ಹೋಗದೆ ಗುಂಪಾಗಿ, ಯುದ್ಧನೌಕೆಗಳ ಬೆಂಗಾವಲಿನಲ್ಲಿ ಸಾಗುವುದು. ಗದ್ದೆಯಲ್ಲಿ ನಾಟಿ ಮಾಡಿದ ಹಾಗೆ ಸಾಲುಸಾಲಾಗಿ ನಿಲ್ಲಿಸುತ್ತಿದ್ದರು. ಸಾಲಿನಿಂದ ಸಾಲಿಗೆ ಸುಮಾರು ಒಂಬೈನೂರು ಮೀಟರ್, ಒಂಬತ್ತು ಸಾಲಿನ ಗುಂಪಾದರೆ ಅದರ ಅಗಲವೇ ಏಳು ಕಿಲೋಮೀಟರ್. ಎಣ್ಣೆಯ ಹಡಗನ್ನೂ ಮದ್ದುಗುಂಡಿನ ಹಡಗನ್ನೂ ನಡುವೆ ಇಟ್ಟು, ಉಳಿದವನ್ನು ಸುತ್ತ ನಿಲ್ಲಿಸುವುದು ಪದ್ಧತಿ. ಇಡೀ ಗುಂಪು ಅದರಲ್ಲಿನ ಅತ್ಯಂತ ನಿಧಾನದ ಹಡಗಿನ ವೇಗಕ್ಕೇ ಹೋಗಬೇಕು. ಕೆನಡಾದ ಸಿಡ್ನಿ ಬಂದರಿನಿಂದ ಹೊರಡುತ್ತಿದ್ದ ನಿಧಾನದ ಗುಂಪುಗಳ ವೇಗ ಏಳು ನಾಟ್, ಅಂದರೆ ಗಂಟೆಗೆ ಹದಿಮೂರು ಕಿಲೋಮೀಟರ್. ಜಲಾಂತರ್ಗಾಮಿಯೋ ನೀರಿನ ಮೇಲೆ ಹದಿನೇಳು ನಾಟ್ ಓಡುತ್ತಿತ್ತು. ರಾತ್ರಿ ಮೇಲೆ ಬಂದು, ಕತ್ತಲಲ್ಲಿ ಸಾಲುಗಳ ನಡುವೆಯೇ ನುಗ್ಗಿ ಟಾರ್ಪೆಡೊ (ನೀರಿನೊಳಗೆ ಓಡಿಬಂದು ಸಿಡಿಯುವ ಅಸ್ತ್ರ) ಹೊಡೆದು ಹೋಗುತ್ತಿದ್ದರು.

ದೀಪ ಹಚ್ಚುವಂತಿಲ್ಲ. ಮಂಜು ಕವಿದರೆ ಮುಂದಿನ ಹಡಗೂ ಕಾಣುವುದಿಲ್ಲ, ಹಿಂದಿನದೂ ಕಾಣುವುದಿಲ್ಲ. ಅದಕ್ಕೆ ಪ್ರತಿ ಹಡಗೂ ತನ್ನ ಹಿಂಬದಿಯಿಂದ ಉದ್ದನೆಯ ಹಗ್ಗಕ್ಕೆ ಒಂದು ತೇಲುಗುರುತನ್ನು ಕಟ್ಟಿ ಎಳೆಯುತ್ತಿತ್ತು. ಅದು ನೀರನ್ನು ಸೀಳಿಕೊಂಡು ಬರುವಾಗ ಬೆಳ್ಳಗೆ ನೀರು ಚಿಮ್ಮುತ್ತದೆ. ಹಿಂದಿನ ಹಡಗಿನ ಮುಂಭಾಗದಲ್ಲಿ ಕಾವಲು ನಿಂತ ಖಲಾಸಿ ಕಣ್ಣು ಕೀಲಿಸಿ ಆ ಚಿಮ್ಮುವ ನೀರನ್ನು ಮಾತ್ರ ನೋಡುತ್ತಿರಬೇಕು, ಅದು ತಪ್ಪಿದರೆ ಮುಂದಿನ ಹಡಗಿಗೆ ಡಿಕ್ಕಿ. ಅಜ್ಜಿಯ ಅಣ್ಣ ಖಲಾಸಿಯಾಗಿದ್ದರೆ ಇಂಥ ಕಾವಲನ್ನು ಖಂಡಿತ ಕಾದಿರುತ್ತಾರೆ ಎಂದು ಓದುವಾಗ ನನಗೆ ಅನಿಸಿತು. ನಮ್ಮ ಕರಾವಳಿಯ ಬಿಸಿಲಿನಲ್ಲಿ ಬೆಳೆದವರು ಆ ಚಳಿಯಲ್ಲಿ, ಎರಡು ವಾರಕ್ಕೂ ಮಿಕ್ಕಿದ ಹಾದಿಯಲ್ಲಿ.

ಮೊದಲ ವರ್ಷಗಳಲ್ಲಿ ಬೆಂಗಾವಲು ಎಂಬುದು ಹೆಸರಿಗೆ ಮಾತ್ರ. 1940ರ ಅಕ್ಟೋಬರ್ 5ರಂದು ಸಿಡ್ನಿ ಬಿಟ್ಟ ಎಸ್‌ಸಿ 7 ಎಂಬ ಗುಂಪಿನಲ್ಲಿ 35 ಹಡಗುಗಳಿದ್ದವು, ಸಾಗರದ ಬಹುಭಾಗ ಅವುಗಳ ಜೊತೆ ಇದ್ದದ್ದು ಒಂದೇ ಒಂದು ಸಣ್ಣ ಯುದ್ಧನೌಕೆ. 20 ಹಡಗುಗಳು ಮುಳುಗಿದವು. ಅದಕ್ಕಿಂತ ಮುಂಚಿನ ತಿಂಗಳಲ್ಲೇ, ಈ ಲಿವರ್‌ಪೂಲಿನಿಂದಲೇ ಹೊರಟ ‘ಸಿಟಿ ಆಫ್ ಬನಾರಸ್’ ಎಂಬ ಹಡಗಿನ ಕಥೆಯನ್ನು ನಾನು ಬಿಡದೆ ಹೇಳಬೇಕು, ಏಕೆಂದರೆ ಅದರ ಸಿಬ್ಬಂದಿಯಲ್ಲಿ ಬಹುಪಾಲು ನಮ್ಮ ದೇಶದವರು. ಬಾಂಬಿನಿಂದ ಉಳಿಸಲೆಂದು ಕೆನಡಾಕ್ಕೆ ಕಳಿಸುತ್ತಿದ್ದ 90 ಮಕ್ಕಳು ಅದರಲ್ಲಿದ್ದರು. ಸೆಪ್ಟೆಂಬರ್ 17ರಂದು ಬೆಂಗಾವಲು ನೌಕೆ ಬೇರೆ ಗುಂಪನ್ನು ಕರೆತರಲು ಹೋದ ಮೇಲೆ, ರಾತ್ರಿ ಬಿರುಗಾಳಿಯಲ್ಲಿ ಟಾರ್ಪೆಡೊ ಬಡಿಯಿತು. 77 ಮಕ್ಕಳು ಸತ್ತರು. ಒಂದು ದೋಣಿ ಮಾತ್ರ ರಕ್ಷಣೆಗೆ ಬಂದವರ ಕಣ್ಣಿಗೆ ಬೀಳದೆ ಎಂಟು ದಿನ ತೇಲಿತು. ಅದರಲ್ಲಿದ್ದ 46 ಜನರಲ್ಲಿ ಆರು ಹುಡುಗರು, ಅವರನ್ನು ನೋಡಿಕೊಳ್ಳುತ್ತಿದ್ದ ಮೇರಿ ಕಾರ್ನಿಶ್ ಎಂಬ ಪಿಯಾನೊ ಶಿಕ್ಷಕಿ, ಮತ್ತು ಉಳಿದವರಲ್ಲಿ ಹೆಚ್ಚಿನವರು ಭಾರತೀಯ ನಾವಿಕರು. ಅಳೆದು ಕೊಟ್ಟ ಚೂರು ನೀರಿನ ಮೇಲೆ ಬದುಕಿದ ಅವರನ್ನು ಕೊನೆಗೆ ಒಂದು ವಿಮಾನ ಕಂಡಿತು. ಮೇರಿ ಕಾರ್ನಿಶ್ ಹುಡುಗರಿಗೆ ಕಥೆ ಹೇಳಿ, ಮರಗಟ್ಟಿದ ಕೈಕಾಲು ತಿಕ್ಕಿ ಬದುಕಿಸಿದ್ದನ್ನು ಇಲ್ಲಿ ಎಲ್ಲರೂ ನೆನೆಯುತ್ತಾರೆ, ಅದು ನ್ಯಾಯವೇ. ಅದೇ ದೋಣಿಯಲ್ಲಿ ಅದೇ ಹಸಿವನ್ನು ಉಂಡ ನಮ್ಮವರ ಹೆಸರನ್ನೂ ಹೀಗೆಯೇ ನೆನೆಯಬೇಕಿತ್ತು ಎಂದು ನನಗೆ ನೋವಾಗುತ್ತದೆ.

ಇದನ್ನು ಕೋಪದಿಂದ ಬರೆಯುತ್ತಿಲ್ಲ, ಆದರೆ ಲೆಕ್ಕ ಲೆಕ್ಕವೇ. ಆಗ ಬ್ರಿಟಿಷ್ ಸರಕು ಹಡಗುಗಳ ಸಿಬ್ಬಂದಿಯಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಭಾರತದವರು. ಇಲ್ಲಿನವರು ಅವರನ್ನು ಲಸ್ಕರ್ ಎಂದು ಕರೆಯುತ್ತಿದ್ದರು. ಒಂದೇ ಹಡಗು, ಒಂದೇ ಟಾರ್ಪೆಡೊ, ಸಂಬಳ ಮಾತ್ರ ಬಿಳಿಯ ನಾವಿಕನ ಸಂಬಳದ ಒಂದು ಸಣ್ಣ ಪಾಲು. 1939ರಲ್ಲಿ ಯುದ್ಧ ಶುರುವಾದೊಡನೆ ನಮ್ಮವರು ಇಲ್ಲಿನ ಬಂದರುಗಳಲ್ಲಿ ಮುಷ್ಕರ ಹೂಡಿ, ಹಲವರು ಜೈಲಿಗೂ ಹೋಗಿ, ಕೂಲಿ ಹೆಚ್ಚಿಸಿಕೊಂಡರು. ನಮ್ಮ ಖಲಾಸಿಗಳು ಬಾಯಿಸತ್ತವರಾಗಿರಲಿಲ್ಲ ಎಂಬುದು ನನಗೆ ಹೆಮ್ಮೆ. ಇನ್ನು ಬಿಳಿಯ ನಾವಿಕರ ಪಾಡೂ ಸುಖದ್ದಲ್ಲ. ಹಡಗು ಮುಳುಗಿದ ದಿನದಿಂದಲೇ ಸಂಬಳ ನಿಲ್ಲಿಸುವ ಪದ್ಧತಿ 1941ರ ಮೇವರೆಗೂ ಇತ್ತೆಂದು ಓದಿ, ಹೀಗೂ ಮನುಷ್ಯರಿರುತ್ತಾರೆಯೇ ಎನಿಸಿತು. ನೀರಿಗೆ ಬಿದ್ದವರಿಗಾಗಿ ಬೇರೆ ಹಡಗು ನಿಲ್ಲುವಂತೆಯೂ ಇರಲಿಲ್ಲ, ನಿಂತರೆ ಅದೂ ಗುರಿಯಾಗುತ್ತದೆ. ಗುಂಪಿನ ಹಿಂದೆ ವೈದ್ಯರ ಸಮೇತ ರಕ್ಷಣಾ ಹಡಗುಗಳನ್ನು ಇಡಲು ಶುರುಮಾಡಿದ್ದು 1941ರಲ್ಲಿ. ಯುದ್ಧ ಮುಗಿಯುವಷ್ಟರಲ್ಲಿ ಅವು ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ನೀರಿನಿಂದ ಎತ್ತಿದವು.

ಇಷ್ಟೆಲ್ಲ ಓದಿ ನೀವು ಇನ್ನಷ್ಟು ಹೆದರಬಾರದು, ಮುಂದಿನದು ಒಳ್ಳೆಯ ಸುದ್ದಿ. ಗುಂಪಾಗಿ ಹೋದದ್ದರಿಂದಲೇ ಹಡಗುಗಳು ಉಳಿದವು. ಪ್ಯಾಟ್ರಿಕ್ ಬ್ಲ್ಯಾಕೆಟ್ ಎಂಬ ವಿಜ್ಞಾನಿ (ಸ್ವಾತಂತ್ರ್ಯ ಬಂದ ಮೇಲೆ ನೆಹರೂ ಅವರು ರಕ್ಷಣೆಯ ವಿಷಯದಲ್ಲಿ ಸಲಹೆ ಕೇಳಿದ್ದು ಇವರನ್ನೇ) ಮತ್ತು ಅವರ ಸಂಗಡಿಗರು ಲೆಕ್ಕ ಹಾಕಿ, ಗುಂಪು ದೊಡ್ಡದಾದಷ್ಟೂ ಪ್ರತಿ ಹಡಗಿನ ಅಪಾಯ ಕಡಿಮೆಯಾಗುತ್ತದೆಂದು ತೋರಿಸಿದರು. ಹಡಗುಗಳ ಸಂಖ್ಯೆ ಎರಡರಷ್ಟಾದರೂ ಕಾಯಬೇಕಾದ ಸುತ್ತಳತೆ ಎರಡರಷ್ಟಾಗುವುದಿಲ್ಲ, ಅಷ್ಟೇ ಕಾವಲು ನೌಕೆಗಳು ಹೆಚ್ಚು ಹಡಗುಗಳನ್ನು ಕಾಯಬಲ್ಲವು. ಅದರ ಜೊತೆಗೆ ದೂರ ಹಾರುವ ವಿಮಾನಗಳು, ರಾಡಾರ್, ಶತ್ರುವಿನ ಗುಪ್ತಸಂಕೇತ ಒಡೆದವರ ಬುದ್ಧಿ ಎಲ್ಲವೂ ಸೇರಿದವು. 1943ರ ಮೇ ಒಂದೇ ತಿಂಗಳಲ್ಲಿ ಜರ್ಮನಿ 41 ಜಲಾಂತರ್ಗಾಮಿಗಳನ್ನು ಕಳೆದುಕೊಂಡು, ಉತ್ತರ ಅಟ್ಲಾಂಟಿಕ್‌ನಿಂದ ಅವುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಮರುವರ್ಷ 160ಕ್ಕೂ ಹೆಚ್ಚು ಹಡಗುಗಳ ಒಂದೇ ಗುಂಪು ಒಂದೂ ನಷ್ಟವಿಲ್ಲದೆ ಸಾಗರ ದಾಟಿತು.

ಇಲ್ಲಿನ ಜನ ಅದನ್ನು ಮರೆತಿಲ್ಲ. ಪಕ್ಕದ ಮನೆಯ ಅಜ್ಜಿ ಯುದ್ಧದ ಕಾಲದಲ್ಲಿ ಮಗುವಾಗಿದ್ದವರು. ಆಗ ವಾರಕ್ಕೆ ತಲೆಗೆ ಎರಡು ಔನ್ಸ್ ಚಹಾಪುಡಿ ಮಾತ್ರ ಕೊಡುತ್ತಿದ್ದರೆಂದೂ, ಪಡಿತರ ಪೂರ್ತಿ ಮುಗಿದದ್ದು 1954ರಲ್ಲೆಂದೂ ಹೇಳಿ, ನಾನು ಚಹಾಪುಡಿಯನ್ನು ಚಮಚ ತುಂಬಿ ಹಾಕುವುದನ್ನು ಈಗಲೂ ಬೆರಗಿನಿಂದ ನೋಡುತ್ತಾರೆ. ಆ ಚಹಾ ಎಲ್ಲಿಂದ, ಯಾರ ಕೈಯಿಂದ ಬಂತು ಎಂದು ನಾನು ಹೇಳಿದೆ, ಅವರು ನನ್ನ ಕೈ ಹಿಡಿದುಕೊಂಡರು. ಇಲ್ಲಿ ಮರ್ಸಿ ನದಿಯಲ್ಲಿ ಭರತಕ್ಕೂ ಇಳಿತಕ್ಕೂ ಅಮಾವಾಸ್ಯೆ ಹುಣ್ಣಿಮೆಯ ಹೊತ್ತಿಗೆ ಒಂಬತ್ತು ಮೀಟರಿನಷ್ಟು ವ್ಯತ್ಯಾಸ ಬರುತ್ತದೆ, ಬೇಲೇಕೇರಿಯವರು ನಂಬಲಾರರು. ಆದರೂ ನೀರಿನ ಬಣ್ಣದಲ್ಲಿ ನಮ್ಮ ಸಮುದ್ರಕ್ಕೆ ಅದು ಸಾಟಿಯಲ್ಲ, ಅದನ್ನು ಇಲ್ಲಿಯವರಿಗೇ ಹೇಳಿದ್ದೇನೆ.

ಈಗ ಮುಖ್ಯ ವಿಷಯ. ಸಂತೋಷ ಹೋಗುವುದು ಅಜ್ಜಿಯ ಅಣ್ಣ ಹೋದ ಹಡಗಿಗಲ್ಲ. ನಾವಿಕರ ಸಂಬಳ, ಪರಿಹಾರ, ಊರಿಗೆ ಮರಳಿಸುವ ಹೊಣೆ ಎಲ್ಲವನ್ನೂ ಬರೆದಿಟ್ಟ 2006ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2015ರಲ್ಲಿ ಅನುಮೋದನೆ ಕೊಟ್ಟಿದೆ. ಕೆಂಪು ಸಮುದ್ರಕ್ಕೆ ಹೆದರಿ ಎಷ್ಟೋ ಕಂಪನಿಗಳು ಆಫ್ರಿಕಾದ ತುದಿಯನ್ನು ಸುತ್ತಿಕೊಂಡೇ ಹೋಗುತ್ತಿವೆ. ಈ ಜನವರಿ 26ರಂದು ಏಡನ್ ಕೊಲ್ಲಿಯಲ್ಲಿ ಕ್ಷಿಪಣಿ ಬಡಿದ ‘ಮಾರ್ಲಿನ್ ಲುವಾಂಡ’ ಎಂಬ ಹಡಗಿನಲ್ಲಿ 22 ಜನ ನಮ್ಮವರೇ ಇದ್ದರು, ನಮ್ಮ ನೌಕಾಪಡೆಯ ‘ವಿಶಾಖಪಟ್ಟಣಂ’ ಯುದ್ಧನೌಕೆ ಹೋಗಿ ಬೆಂಕಿ ಆರಿಸಲು ನೆರವಾಯಿತು, ಎಲ್ಲರೂ ಉಳಿದರು. ಮಾರ್ಚ್‌ನಲ್ಲಿ ಇನ್ನೊಂದು ಹಡಗಿನಲ್ಲಿ ಮೂವರು ಸತ್ತದ್ದೂ ನಿಜ, ನಿಮ್ಮಿಂದ ಮುಚ್ಚಿಡಲಾರೆ, ಆಯಿಗೆ ಓದಿ ಹೇಳುವಾಗ ಈ ಒಂದು ಸಾಲನ್ನು ಬಿಡಿ. ಆದರೆ ಅಪ್ಪ, ಅಂಕೋಲೆಯ ಹೆದ್ದಾರಿಯಲ್ಲಿ ಅವನು ದಿನವೂ ಬೈಕು ಓಡಿಸುವುದಕ್ಕಿಂತ ಹಡಗು ಹೆಚ್ಚು ಅಪಾಯದ್ದೆಂದು ನನಗೆ ಅನಿಸುವುದಿಲ್ಲ. ಅವನಿಗೆ ಏನೂ ಆಗುವುದಿಲ್ಲ. ಖಂಡಿತ ಏನೂ ಆಗುವುದಿಲ್ಲ. ತರಬೇತಿಯಲ್ಲಿ ಮೊದಲು ಕಲಿಸುವುದೇ ಜೀವ ಉಳಿಸಿಕೊಳ್ಳುವುದನ್ನು. ಹುಡುಗ ತಾನಾಗಿ ಆರಿಸಿಕೊಂಡ ದಾರಿ, ತಡೆಯಬೇಡಿ. ಫೀಸಿನ ಮೊದಲ ಕಂತನ್ನು ನಾನು ಕಳಿಸುತ್ತೇನೆ. ತೋಟದ ಮೇಲೆ ಸಾಲ ತೆಗೆಯುವ ಮಾತು ಬೇಡವೇ ಬೇಡ.

ಅಜ್ಜಿಯ ಅಣ್ಣನ ವಿಷಯದಲ್ಲಿ ಒಂದು ದಾರಿ ಇದೆ. ಲಂಡನ್ನಿನ ಟವರ್ ಹಿಲ್‌ನಲ್ಲಿ ಎರಡನೆಯ ಮಹಾಯುದ್ಧದಲ್ಲಿ ಸಮುದ್ರವೇ ಸಮಾಧಿಯಾದ ಸುಮಾರು 24,000 ನಾವಿಕರ ಹೆಸರುಗಳನ್ನು ಕೆತ್ತಿದ್ದಾರೆ. ನಮ್ಮವರ ಹೆಸರುಗಳು ಅಲ್ಲಿಲ್ಲ. ಅವಿಭಜಿತ ಭಾರತದ ಆರು ಸಾವಿರಕ್ಕೂ ಹೆಚ್ಚು ನಾವಿಕರ ಹೆಸರುಗಳನ್ನು ಪುಸ್ತಕದಲ್ಲಿ ಬರೆದು, ಒಂದನ್ನು ಚಿತ್ತಗಾಂಗ್‌ನಲ್ಲೂ ಇನ್ನೊಂದನ್ನು ಮುಂಬಯಿಯ ಭಾರತೀಯ ನಾವಿಕರ ವಸತಿಗೃಹದಲ್ಲೂ ಇಟ್ಟಿದ್ದಾರೆ. ಅಂತರ್ಜಾಲದಲ್ಲೂ ಹುಡುಕಬಹುದು, ನಾನು ಹುಡುಕಿದೆ. ಆದರೆ ಆಗಿನ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದ ಹೆಸರುಗಳು, ಒಂದೇ ಹೆಸರಿನ ಹಲವರು. ಹಡಗಿನ ಹೆಸರು ಸಿಕ್ಕದೆ ಗುರುತು ಹಿಡಿಯಲಾಗದು. ಅಜ್ಜಿಯ ಟ್ರಂಕಿನಲ್ಲಿ ಮುಂಬಯಿಯಿಂದ ಹಣದ ಜೊತೆ ಬಂದ ಇಂಗ್ಲಿಷ್ ಕಾಗದವಿದೆಯಲ್ಲ, ಅದರ ಎರಡೂ ಬದಿಯ ಫೋಟೊ ತೆಗೆದು ಸಂತೋಷ ಕೂಡಲೇ ವಾಟ್ಸ್‌ಆ್ಯಪಿನಲ್ಲಿ ಕಳಿಸಲಿ. ಮುತ್ತಜ್ಜನ, ಅಂದರೆ ಅಜ್ಜಿಯ ಅಪ್ಪನ, ಹೆಸರನ್ನು ಆಗಿನ ದಾಖಲೆಯಲ್ಲಿ ಹೇಗೆ ಬರೆದಿದ್ದಾರೆಂದು ಪಹಣಿಯಲ್ಲಿ ನೋಡಿ ತಿಳಿಸಿ. ಹೆಸರು ಸಿಕ್ಕರೆ, ಸಂತೋಷ ಮೊದಲ ಸಲ ಮುಂಬಯಿಗೆ ಹೋದಾಗ ಅದನ್ನು ನೋಡಿಕೊಂಡು, ಅಜ್ಜಿಯ ಲೆಕ್ಕದಲ್ಲಿ ಕೈಮುಗಿದು ಬರಲಿ. ಇದನ್ನು ಅಜ್ಜಿಗೆ ನಿಧಾನವಾಗಿ, ಅವರು ಉಂಡ ಮೇಲೆ ಹೇಳಿ.

ನನ್ನ ರಾತ್ರಿ ಪಾಳಿಗೆ ಹೊತ್ತಾಯಿತು, ಬಸ್ಸು ತಪ್ಪಿದರೆ ಅರ್ಧ ಗಂಟೆ ಚಳಿಯಲ್ಲಿ ನಿಲ್ಲಬೇಕು. ಆಯಿ ಬಿಪಿ ಮಾತ್ರೆ ಬಿಡದಿರಲಿ. ಫೀಸಿನ ಕೊನೆಯ ದಿನಾಂಕ ಯಾವುದೆಂದು ಬರೆದಿಲ್ಲ, ಇವತ್ತೇ ತಿಳಿಸಿ. ಶಾರದತ್ತೆಗೂ ಮಕ್ಕಳಿಗೂ ನೆನಪು.

ನಿಮ್ಮ ಮಗಳು,
ವೀಣಾ